ವಗ್ಗಾಣಿ ಮಾಡುತ್ತಾ ಒಂದು ಇಂಟರ್‌ವ್ಯೂ ಕಥೆ

ಬಳ್ಳಾರಿ ಬಿಸಿಲು ಏಳು ಗಂಟೆಗೇ ಕಿಟಕಿಗೆ ಬಂದಿದೆ, ಹಾಗಾಗಿ ಇವತ್ತು ಅಡುಗೆಮನೆಯಿಂದಲೇ ಮಾತು. ವಗ್ಗಾಣಿ ಮಾಡುತ್ತಿದ್ದೇನೆ. ಮಂಡಕ್ಕಿ ನೆನೆಸಿ ಹಿಂಡುವುದು ನಿಮಗೇ ಕಾಣುತ್ತಿದೆ, ಅಲ್ವಾ?

ಸೈಕಾಲಜಿ ಓದಿ ಆಸ್ಪತ್ರೆಗೆ ಯಾಕೆ ಹೋಗಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಾನು ಓದಿದ್ದು ಇಂಡಸ್ಟ್ರಿಯಲ್ ಸೈಕಾಲಜಿ. ಕೆಲಸಕ್ಕೆ ಯಾರನ್ನು ತೆಗೆದುಕೊಳ್ಳಬೇಕು, ತರಬೇತಿ ಹೇಗೆ ಕೊಡಬೇಕು, ಅಪಘಾತ ಯಾಕೆ ಆಗುತ್ತದೆ, ಜನ ಯಾಕೆ ಕೆಲಸ ಬಿಡುತ್ತಾರೆ, ಇದೆಲ್ಲ ನಮ್ಮ ಲೆಕ್ಕ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐ, ಅದರ ನೋಂದಣಿ ಬೇಕು, ಈ ದಾರಿಗೆ ಅದು ಬೇಡ. ಪಕ್ಕದ ಮನೆ ಮಾವ ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿಗೆ ಶಿಫ್ಟ್‌ಗೆ ಹೋಗುತ್ತಾರೆ. ಬೆಳಗಿನ ಪಾಳಿಯಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಸರಿದರೆ ದೇಹ ಬೇಗ ಹೊಂದಿಕೊಳ್ಳುತ್ತದೆ, ಉಲ್ಟಾ ತಿರುಗಿಸಿದರೆ ನಿದ್ದೆ ಜಾಸ್ತಿ ಕೆಡುತ್ತದೆ. ಇಂಥದ್ದನ್ನು ನೋಡಿ ಪಾಳಿ ಪಟ್ಟಿ ಬರೆಯಬೇಕಾದವರು ನಾವೇ.

ಈರುಳ್ಳಿ ಹಾಕಿದೆ. ಈಗ ಆ ಇಂಟರ್‌ವ್ಯೂ ವಿಷಯ.

ಹೋದ ತಿಂಗಳು ಒಂದು ಫ್ಯಾಕ್ಟರಿಯವರು ಹತ್ತು ಗಂಟೆಗೆ ಬನ್ನಿ ಅಂದರು. ಅಪ್ಪ ಬೈಕಲ್ಲಿ ಬಿಟ್ಟು ಹೋದರು. ನನ್ನನ್ನು ಒಳಗೆ ಕರೆದಿದ್ದು ಎರಡು ಗಂಟೆಗೆ. ಕೇಳಿದ್ದು ಮೂರೇ ಪ್ರಶ್ನೆ. ಅಪ್ಪ ಏನು ಮಾಡುತ್ತಾರೆ, ಸ್ವಂತ ಊರು ಯಾವುದು, ಮದುವೆ ಯಾವಾಗ. ಹೊರಗೆ ಬಂದು ಮೊಬೈಲ್ ನೋಡಿದರೆ ಆರು ನಿಮಿಷ ಆಗಿತ್ತು. ನನಗಿಂತ ಮುಂಚೆ ಹೋದ ಹುಡುಗನ ಹತ್ತಿರ ಇಪ್ಪತ್ತು ನಿಮಿಷ ಕ್ರಿಕೆಟ್ ಮಾತಾಡಿದರಂತೆ. ಅವನಿಗೆ ಒಂದು ಪ್ರಶ್ನೆ, ನನಗೆ ಇನ್ನೊಂದು. ಇಬ್ಬರನ್ನೂ ಯಾವ ತಕ್ಕಡಿಯಲ್ಲಿ ತೂಗುತ್ತಾರೆ? ನನಗೆ ಕೆಲಸ ಸಿಗದಿದ್ದಕ್ಕಿಂತ ಇದೇ ಜಾಸ್ತಿ ನೋವಾಯಿತು, ಯಾಕಂದರೆ ನಾನು ಎರಡು ವರ್ಷ ಓದಿದ್ದೇ ಇದನ್ನು.

ಎಲ್ಲರಿಗೂ ಒಂದೇ ಪ್ರಶ್ನೆ ಇರಬೇಕು, ಅದು ಆ ಕೆಲಸದಿಂದಲೇ ಬರಬೇಕು, ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟಿರಬೇಕು. ಶಿಫ್ಟ್ ಮುಗಿಯಲು ಹತ್ತು ನಿಮಿಷ ಇದೆ, ಪಂಪು ಕೆಟ್ಟಿತು, ಏನು ಮಾಡುತ್ತೀರಿ? ಹೀಗೆ ಕೇಳಿ ನೋಡಲಿ. 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಅನ್ನುವ ಇಬ್ಬರು ಸೈಕಾಲಜಿಸ್ಟ್‌ಗಳು 85 ವರ್ಷಗಳ ಸಂಶೋಧನೆ ಒಟ್ಟು ಹಾಕಿದಾಗಲೂ, ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಮೊದಲೇ ಹೇಳುವುದರಲ್ಲಿ ಸುಮ್ನೆ ಹರಟೆ ಹೊಡೆಯುವ ಇಂಟರ್‌ವ್ಯೂಗಿಂತ ಇದೇ ಮುಂದೆ ಬಂತು. 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಮತ್ತೆ ಲೆಕ್ಕ ಹಾಕಿದಾಗ ಆಯ್ಕೆಯ ವಿಧಾನಗಳಲ್ಲೇ ಇದು ಮೊದಲ ಸ್ಥಾನಕ್ಕೆ ಹೋಯಿತು.

ರೈಲ್ವೆ ನೋಡಿ. ನಮ್ಮ ಓಣಿಯ ಹುಡುಗರು ಅಸಿಸ್ಟೆಂಟ್ ಲೋಕೋ ಪೈಲಟ್ ಪರೀಕ್ಷೆಗೆ ಓದುತ್ತಾರಲ್ಲ, ಅವರಿಗೆ ಕಂಪ್ಯೂಟರ್‌ನಲ್ಲಿ ಆಪ್ಟಿಟ್ಯೂಡ್ ಟೆಸ್ಟ್ ಇರುತ್ತದೆ. ಪ್ರತಿ ಟೆಸ್ಟ್‌ನಲ್ಲೂ ಕನಿಷ್ಠ 42 ಟಿ ಸ್ಕೋರ್, ಅಂದರೆ ಉಳಿದವರ ಜೊತೆ ಹೋಲಿಸಿ ಕೊಡುವ ಅಂಕ, ಬರಲೇಬೇಕು. ಅಲ್ಲಿ ಅಪ್ಪನ ಕೆಲಸ ಯಾರೂ ಕೇಳುವುದಿಲ್ಲ.

ಅಯ್ಯೋ, ಒಗ್ಗರಣೆ ಸೀಯುತ್ತಿದೆ, ಒಂದು ನಿಮಿಷ.

ಹಾಂ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಶುರುವಾಗಿದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಅನ್ನುವ ಖಾಸಗಿ ರೇಡಿಯೋ ಕೇಂದ್ರ ಶುರು ಮಾಡಿದ್ದು. ಹೀಗೆ ಮನೆಯಿಂದಲೇ ನಿಮ್ಮ ಹತ್ತಿರ ಮಾತಾಡುವಾಗೆಲ್ಲ ನನಗೆ ಅವರ ನೆನಪು ಬರುತ್ತದೆ.

ಎಚ್‌ಆರ್ ಕೆಲಸಕ್ಕೆ ಹೋಗಲೇಬೇಡಿ ಅಂತ ಹಿಂದೆ ಒಂದು ವಿಡಿಯೋದಲ್ಲಿ ಹೇಳಿದ್ದೆ. ಈಗ ಹಾಗೆ ಹೇಳುವುದಿಲ್ಲ. ನಮ್ಮ ಕಡೆ ಆ ಕುರ್ಚಿ ಎಂಎಸ್‌ಡಬ್ಲ್ಯೂ, ಎಂಬಿಎ ಮಾಡಿದವರಿಗೇ ಜಾಸ್ತಿ ಸಿಗುತ್ತದೆ, ಆದರೂ ಅರ್ಜಿ ಹಾಕಿ. ಪ್ರಶ್ನೆ ಪಟ್ಟಿ ಬದಲಾಯಿಸಬೇಕಾದರೆ ಆ ಕುರ್ಚಿಯಲ್ಲಿ ಕೂತಿರಬೇಕು. ಸ್ಟ್ಯಾಟಿಸ್ಟಿಕ್ಸ್ ಮಾತ್ರ ಬಿಡಬೇಡಿ, ಅದಿಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ.

ಪುಟಾಣಿ ಹಿಟ್ಟು ಉದುರಿಸಿದೆ, ಆಯಿತು. ಮಿರ್ಚಿಯನ್ನು ಅವ್ವ ಕರಿಯುತ್ತಾಳೆ. ನಾಳೆ ಹೊಸಪೇಟೆಯಲ್ಲಿ ಇನ್ನೊಂದು ಇಂಟರ್‌ವ್ಯೂ ಇದೆ, ಬಂದು ಹೇಳುತ್ತೇನೆ.