ವಾರಕ್ಕೆ ಎರಡೂವರೆ ದಿನದ ಹುದ್ದೆ

ಎಲ್ಲರಿಗೂ ನಮಸ್ಕಾರ. ನಾನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹೋಮ್ ಕೇರ್ ನರ್ಸ್. ಮನೆಮನೆಗೆ ಹೋಗಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಇನ್ಸುಲಿನ್ ನೋಡುವುದು, ಆಸ್ಪತ್ರೆಯಿಂದ ಮನೆಗೆ ಬಂದವರನ್ನು ವಿಚಾರಿಸಿಕೊಳ್ಳುವುದು ನನ್ನ ಕೆಲಸ. ನಮ್ಮ ಆಫೀಸಿನಲ್ಲಿ ಒಂದು ಹುದ್ದೆ ಖಾಲಿಯಾಗಿ ಮೂರು ತಿಂಗಳಾಯಿತು. ಮೂಲನಿವಾಸಿಗಳ ಕಲ್ಚರಲ್ ಸೇಫ್ಟಿ ಕೋ-ಆರ್ಡಿನೇಟರ್, ಅಂದರೆ ಇಲ್ಲಿನ ಮೂಲನಿವಾಸಿಗಳಿಗೆ ಭೇದಭಾವವಿಲ್ಲದೆ, ಭಯವಿಲ್ಲದೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವವರು. ವಾರಕ್ಕೆ ಎರಡೂವರೆ ದಿನ, ಅಷ್ಟೇ. ಇವತ್ತು ಆ ಹುದ್ದೆಯ ಬಗ್ಗೆಯೇ ಮಾತಾಡುತ್ತೇನೆ, ಯಾಕೆಂದರೆ ಅದನ್ನು ಹೀಗೆ ಅರ್ಧಂಬರ್ಧ ಇಟ್ಟಿರುವುದೇ ತಪ್ಪು.

ಕಲ್ಚರಲ್ ಸೇಫ್ಟಿ ಅನ್ನುವ ಮಾತು ಬಂದಿದ್ದು ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ನರ್ಸ್‌ಗಳಿಂದ. ಅವರಲ್ಲೊಬ್ಬರಾದ ಇರಿಹಪೇತಿ ರಾಮ್ಸ್‌ಡೆನ್ ಅದನ್ನು ಬೆಳೆಸಿದರು. 1992ರಲ್ಲಿ ಅಲ್ಲಿನ ನರ್ಸಿಂಗ್ ಕೌನ್ಸಿಲ್ ಅದನ್ನು ಪಾಠಕ್ಕೆ ಸೇರಿಸಿತು. ರೋಗಿಯ ಹಬ್ಬ ಯಾವುದು, ಊಟ ಯಾವುದು ಅಂತ ತಿಳಿದುಕೊಳ್ಳುವ ವಿಷಯವಲ್ಲ ಇದು. ಚಿಕಿತ್ಸೆ ಸುರಕ್ಷಿತವಾಗಿತ್ತೋ ಇಲ್ಲವೋ ಅಂತ ಹೇಳಬೇಕಾದವರು ಚಿಕಿತ್ಸೆ ಪಡೆದವರು. ಕೊಟ್ಟವರಲ್ಲ.

ನಾನು ಕೆಲಸಕ್ಕೆ ಸೇರಿದಾಗ ಇದರ ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟನ್ನು ಫೈಲಿಗೆ ಹಾಕಿದೆ. ಕೋರ್ಸಿನಿಂದ ಕಲಿತದ್ದು ಬಹಳ ಇದೆ. ಆದರೆ ಒಬ್ಬ ಮೂಲನಿವಾಸಿ ಅಜ್ಜಿಯ ಮನೆಗೆ ಹೋಗಬೇಕಾಗಿ ಬಂದಾಗ ಕೈಹಿಡಿದದ್ದು ಆ ಕೋ-ಆರ್ಡಿನೇಟರ್ ಹೇಳಿದ ಮಾತು. "ಮೊದಲು ನೀನು ಯಾರು ಅಂತ ಹೇಳು. ಬ್ಯಾಗ್ ಆಮೇಲೆ ತೆಗಿ." ಅಜ್ಜಿ ಬಾಗಿಲು ಅರ್ಧ ತೆರೆದು ಕೇಳಿದ್ದೂ ಅದನ್ನೇ: ಯಾವ ಊರು, ಮನೆಯವರು ಯಾರು? ತೀರ್ಥಹಳ್ಳಿ ಹತ್ತಿರದವಳು ಅಂದೆ, ಅಮ್ಮನ ಹೆಸರು ಹೇಳಿದೆ, ನಮ್ಮ ಊರಿನ ಹೊಳೆಯ ಹೆಸರು ಹೇಳಿದೆ. ನಮ್ಮಲ್ಲೂ ಇದೇ ಪ್ರಶ್ನೆ ಕೇಳುತ್ತಾರೆ ಅಲ್ವಾ? ಆದರೆ ನಮ್ಮಲ್ಲಿ ಎಷ್ಟೋ ಸಲ ಅದು ಜಾತಿ ತಿಳಿಯುವುದಕ್ಕೆ. ಅಜ್ಜಿಗೆ ಬೇಕಾಗಿದ್ದು, ಇವಳ ಹಿಂದೆ ಯಾರಿದ್ದಾರೆ, ನಂಬಬಹುದಾ ಅನ್ನುವುದು.

ಅವರು ಚಿಕ್ಕವರಿದ್ದಾಗ ಕ್ಷಯ ಅಂತ "ಇಂಡಿಯನ್ ಆಸ್ಪತ್ರೆ"ಗೆ ಸೇರಿಸಿದ್ದರು. ಮೂಲನಿವಾಸಿಗಳಿಗೆಂದೇ ಸರ್ಕಾರ ಬೇರೆ ಮಾಡಿಟ್ಟಿದ್ದ ಆಸ್ಪತ್ರೆಗಳು ಅವು. ನಮ್ಮ ಪ್ರಾಂತ್ಯದ ನನೈಮೋದಲ್ಲಿತ್ತು, ಪಕ್ಕದ ಪ್ರಾಂತ್ಯದ ಎಡ್ಮಂಟನ್‌ನಲ್ಲಿತ್ತು. ಮಕ್ಕಳು ಅಪ್ಪ ಅಮ್ಮನನ್ನು ಬಿಟ್ಟು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಅಲ್ಲಿರಬೇಕಿತ್ತು. ಅಜ್ಜಿಯ ಒಪ್ಪಿಗೆ ಕೇಳಿಯೇ ಕೋ-ಆರ್ಡಿನೇಟರ್ ಇದನ್ನು ನನಗೆ ಹೇಳಿದ್ದು. ಫೈಲಿನಲ್ಲಿ ಮಾತ್ರ ಇದರ ಸುಳಿವೇ ಇಲ್ಲ. ಅಲ್ಲಿದ್ದದ್ದು ಒಂದೇ ಸಾಲು: ಚಿಕಿತ್ಸೆಗೆ ಸಹಕರಿಸುವುದಿಲ್ಲ.

ಅಂಥ ಒಂದು ಸಾಲು ಆಸ್ಪತ್ರೆಯಿಂದ ಹೋಮ್ ಕೇರ್‌ಗೆ, ಅಲ್ಲಿಂದ ಮುಂದಿನ ನರ್ಸ್‌ಗೆ ಹಾಗೇ ದಾಟಿಕೊಂಡು ಹೋಗುತ್ತದೆ. ಬರೆಯದಿದ್ದರೂ ಅದು ತಲೆಯಲ್ಲಿರುತ್ತದೆ. 2008ರಲ್ಲಿ ವಿನ್ನಿಪೆಗ್‌ನ ಎಮರ್ಜೆನ್ಸಿಯಲ್ಲಿ ಬ್ರಯನ್ ಸಿಂಕ್ಲೇರ್ ಅನ್ನುವ ಮೂಲನಿವಾಸಿ ಗಾಲಿಕುರ್ಚಿಯಲ್ಲಿ 34 ಗಂಟೆ ಕಾದರು. ಕುಡಿದಿದ್ದಾರೆ, ಇರಲು ಜಾಗವಿಲ್ಲದೆ ಬಂದು ಕೂತಿದ್ದಾರೆ ಅಂತ ಸಿಬ್ಬಂದಿಯಲ್ಲಿ ಕೆಲವರು ಅಂದುಕೊಂಡರು. ಮೂತ್ರಕೋಶದ ಸೋಂಕು, ಗುಣಪಡಿಸಬಹುದಾಗಿದ್ದ ಸೋಂಕು. ಕೂತಲ್ಲೇ ತೀರಿಕೊಂಡರು. 45 ವರ್ಷ.

ಇನ್ನೊಂದು ಮಗುವಿನ ಕತೆ ನನ್ನನ್ನು ಬಿಡುವುದೇ ಇಲ್ಲ. ಜೋರ್ಡನ್ ರಿವರ್ ಆ್ಯಂಡರ್ಸನ್, ಮ್ಯಾನಿಟೋಬ ಪ್ರಾಂತ್ಯದ ನಾರ್ವೇ ಹೌಸ್ ಕ್ರೀ ಅನ್ನುವ ಮೂಲನಿವಾಸಿ ಜನರ ಮಗು, ಹುಟ್ಟಿದ್ದು 1999ರಲ್ಲಿ, ಆಗಿನಿಂದ ಆಸ್ಪತ್ರೆಯಲ್ಲೇ ಇತ್ತು. ಎರಡು ವರ್ಷ ತುಂಬಿದಾಗ ಆಸ್ಪತ್ರೆ ಬಿಟ್ಟು ಒಂದು ಮನೆಯಲ್ಲಿರಬಹುದು ಅಂದರು ವೈದ್ಯರು. ಮನೆಯಲ್ಲಿ ನೋಡಿಕೊಳ್ಳುವ ಖರ್ಚು ಯಾರದ್ದು ಅಂತ ಕೇಂದ್ರ ಸರ್ಕಾರ, ಪ್ರಾಂತ್ಯ ಸರ್ಕಾರ ಚರ್ಚೆ ಮಾಡುತ್ತಲೇ ಇದ್ದವು. ಐದು ವರ್ಷದ ಮಗು 2005ರಲ್ಲಿ ಆಸ್ಪತ್ರೆಯಲ್ಲೇ ಹೋಯಿತು, ಒಂದು ದಿನವೂ ಮನೆ ನೋಡದೆ. ಮೊದಲು ಮಗುವಿಗೆ ಬೇಕಾದ್ದು ಕೊಡಿ, ಬಿಲ್ ಆಮೇಲೆ ನೋಡಿಕೊಳ್ಳಿ ಅನ್ನುವ ಜೋರ್ಡನ್ ನಿಯಮವನ್ನು ಸಂಸತ್ತು ಒಪ್ಪಿದ್ದು 2007ರ ಕೊನೆಗೆ.

ಕೋ-ಆರ್ಡಿನೇಷನ್ ಅಂದರೆ ನನಗೆ ಇದು. ಶುಕ್ರವಾರ ಸಂಜೆ ಡಿಸ್ಚಾರ್ಜ್ ಆಗಿ ದೂರದ ಹಳ್ಳಿಗೆ ಹೋಗುವವರಿಗೆ ಡ್ರೆಸ್ಸಿಂಗ್ ಸಾಮಾನು ಯಾರು ಕೊಡಬೇಕು ಅಂತ ನಾಲ್ಕು ಕಡೆ ಫೋನ್ ಮಾಡುವುದು. ಸಾಯುವ ಹೊತ್ತಿನಲ್ಲಿ ತಮ್ಮ ಪದ್ಧತಿಯಂತೆ ಸೇಜ್ ಸೊಪ್ಪಿನ ಹೊಗೆ ಹಾಕಬೇಕು ಅಂದಾಗ ಫೈರ್ ಅಲಾರ್ಮ್ ಬಗ್ಗೆ ಮೊದಲೇ ಮಾತಾಡಿಟ್ಟಿರುವುದು. ನಮ್ಮ ಕೋ-ಆರ್ಡಿನೇಟರ್ ಇದನ್ನೆಲ್ಲ ಎರಡೂವರೆ ದಿನದಲ್ಲಿ ಮಾಡಬೇಕಿತ್ತು. ಜೊತೆಗೆ ಪ್ರತಿ ತರಬೇತಿಯಲ್ಲೂ ಎದ್ದು ನಿಂತು ತನ್ನ ಮನೆಯವರ ನೋವನ್ನೇ ನಮ್ಮ ಮುಂದೆ ಹೇಳಬೇಕಿತ್ತು, ಯಾಕೆಂದರೆ ಆಫೀಸಿನಲ್ಲಿದ್ದ ಒಬ್ಬಳೇ ಮೂಲನಿವಾಸಿ ಹೆಣ್ಣುಮಗಳು ಅವಳು. ದೂರುಗಳ ಫೈಲ್ ನೋಡುವ ಹಕ್ಕು ಮಾತ್ರ ಇರಲಿಲ್ಲ. ಅವಳು ಕೆಲಸ ಬಿಟ್ಟಿದ್ದು ನನಗೆ ಆಶ್ಚರ್ಯವಾಗಲಿಲ್ಲ.

2020ರಲ್ಲಿ ಆಸ್ಪತ್ರೆಗಳಲ್ಲಿ ಮೂಲನಿವಾಸಿಗಳಿಗಾಗುವ ಭೇದಭಾವದ ಬಗ್ಗೆ ಇದೇ ಪ್ರಾಂತ್ಯದ ತನಿಖಾ ವರದಿ ಬಂತು. ಉತ್ತರ ಕೊಟ್ಟ ಮೂಲನಿವಾಸಿಗಳಲ್ಲಿ 84% ಜನ ಚಿಕಿತ್ಸೆ ಪಡೆಯುವಾಗ ಒಂದಲ್ಲ ಒಂದು ಭೇದಭಾವ ಅನುಭವಿಸಿದ್ದೇವೆ ಅಂದಿದ್ದರು. 2022ರಲ್ಲಿ ಪ್ರಾಂತ್ಯಕ್ಕೊಂದು ಕಲ್ಚರಲ್ ಸೇಫ್ಟಿ ಮಾನದಂಡವೂ ಬಂತು. ಕಾಗದದ ಮೇಲೆ ಕೊರತೆಯಿಲ್ಲ.

ಇಲ್ಲಿ ನರ್ಸಿಂಗ್ ಓದುತ್ತಿರುವ, ಕೇರ್ ಏಡ್ ಆಗಿರುವ ಕನ್ನಡದವರು ಇದನ್ನು ಕೇಳುತ್ತಿದ್ದೀರಿ ಅಂತ ಗೊತ್ತು. ನಾವು ಹೊರಗಿನಿಂದ ಬಂದವರು, ಇದರಲ್ಲಿ ನಮ್ಮದೇನಿದೆ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಫೈಲಿನಲ್ಲಿ ಆ ಸಾಲು ಬರೆಯುವ ಪೆನ್ನು ನಮ್ಮ ಕೈಯಲ್ಲೂ ಇದೆಯಲ್ಲ.

ನಿನ್ನೆ ನಮ್ಮ ಮ್ಯಾನೇಜರ್‌ಗೆ ಪತ್ರ ಬರೆದೆ. ಹುದ್ದೆಯನ್ನು ಪೂರ್ತಿ ವಾರದ್ದು ಮಾಡಿ, ಒಬ್ಬರಲ್ಲ ಇಬ್ಬರನ್ನು ತೆಗೆದುಕೊಳ್ಳಿ, ದೂರು ಬಂದಾಗ ಅವರನ್ನು ಕೂರಿಸಿಕೊಂಡೇ ವಿಚಾರಣೆ ಮಾಡಿ ಅಂದೆ. ಐದು ಜನ ಸಹಿ ಹಾಕಿದ್ದಾರೆ. ಸೋಮವಾರ ಮೀಟಿಂಗ್ ಇದೆ.