ಲಿವರ್‌ನಲ್ಲಿ ಗಡ್ಡೆ ಅಂದ ತಕ್ಷಣ ಕೊಯ್ಯಬೇಕಾ?

ನಮಸ್ಕಾರ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಮಾತಾಡುತ್ತಿದ್ದೇನೆ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಮಗುವಿನ ಲಿವರ್‌ನಲ್ಲಿ ಗಡ್ಡೆ ಕಂಡ ಮೇಲೂ ಕಾದು ನೋಡೋಣ ಅನ್ನುವ ಡಾಕ್ಟರಿಗೆ ಏನೂ ಗೊತ್ತಿಲ್ಲ." ಅದಕ್ಕೆ ಲೈಕು ಬೇರೆ! ಸಿಟ್ಟು ಬಂತು. ಕಾಯುವುದೂ ಚಿಕಿತ್ಸೆಯೇ.

ಮಕ್ಕಳ ಲಿವರ್ ಗಡ್ಡೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಕ್ಯಾನ್ಸರ್ ಅಲ್ಲ. ಹಸುಗೂಸುಗಳಲ್ಲಿ ಅಂಥದ್ದು ಜಾಸ್ತಿ ಕಾಣುವುದು ಹೆಮಾಂಜಿಯೋಮಾ, ಅಂದರೆ ರಕ್ತನಾಳಗಳೇ ಹೆಣೆದುಕೊಂಡ ಗಂಟು. ಹುಟ್ಟುವಾಗಲೇ ಇರುವ ಒಂಟಿ ಗಂಟು ಎಷ್ಟೋ ಸಲ ಒಂದು, ಒಂದೂವರೆ ವರ್ಷದಲ್ಲಿ ತಾನಾಗಿ ಕರಗುತ್ತದೆ. ಅದಕ್ಕೆ ಸೂಜಿ ಚುಚ್ಚಿ ತುಣುಕು ತೆಗೆದರೂ ರಕ್ತಸ್ರಾವದ ಭಯ ಇದೆ. ನೀವು ಕೊಯ್ಯಿರಿ ಅನ್ನುತ್ತೀರಿ!

"ಕ್ಯಾನ್ಸರ್ ಅಲ್ಲ ಅಂತ ಹೇಗೆ ಗೊತ್ತು?" ಅಲ್ಟ್ರಾಸೌಂಡ್, ರಕ್ತದ ಹರಿವು ತೋರಿಸುವ ಡಾಪ್ಲರ್, ಬೇಕಾದರೆ ಎಂಆರ್‌ಐ. ಜೊತೆಗೆ ಎಎಫ್‌ಪಿ ಎಂಬ ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆ. ಹೆಪಟೋಬ್ಲಾಸ್ಟೋಮಾ ಎಂಬ ಲಿವರ್ ಕ್ಯಾನ್ಸರಿನಲ್ಲಿ ಎಎಫ್‌ಪಿ ಏರುತ್ತದೆ, ನಿಜ. ಆದರೆ ಆಗಷ್ಟೇ ಹುಟ್ಟಿದ ಆರೋಗ್ಯವಂತ ಮಗುವಿನಲ್ಲೂ ಅದು ಸಾವಿರಗಟ್ಟಲೆ ಇರುತ್ತದೆ. ಇಳಿಯಲು ಸುಮಾರು ಒಂದು ವರ್ಷ ಬೇಕು. ಮಗುವಿನ ವಯಸ್ಸು ನೋಡದೆ, ರಿಪೋರ್ಟಿನ ಅಂಕಿ ಮಾತ್ರ ವಾಟ್ಸಾಪಿಗೆ ಹಾಕಿ ಕ್ಯಾನ್ಸರ್ ಅಂತ ತೀರ್ಪು ಕೊಡುವವರಿಗೆ ಏನು ಹೇಳಲಿ?

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಡಾಕ್ಟರು ಹೇಳಿದ ದಿನಕ್ಕೆ ಸ್ಕ್ಯಾನ್ ಆಗಬೇಕು. ಲಿವರ್ ತುಂಬ ಹರಡಿದ ಹೆಮಾಂಜಿಯೋಮಾ ಥೈರಾಯ್ಡ್ ಹಾರ್ಮೋನನ್ನೇ ಹಾಳುಮಾಡುತ್ತದೆ, ಹೃದಯಕ್ಕೂ ಭಾರ. ಹಾಗಾಗಿ ಅವೆರಡನ್ನೂ ನೋಡುತ್ತಾರೆ. ಔಷಧಿಯೂ ಇದೆ. ಹೃದಯಕ್ಕೆಂದು ಕೊಡುತ್ತಿದ್ದ ಪ್ರೊಪ್ರನೊಲಾಲ್ ಮಕ್ಕಳ ಹೆಮಾಂಜಿಯೋಮಾವನ್ನು ಕುಗ್ಗಿಸುತ್ತದೆ ಅಂತ 2008ರಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಮನೆಯಲ್ಲಿ ನೀವಾಗಿ ಕೊಡುವ ಔಷಧಿ ಅಲ್ಲ ಅದು. ಹಾಲು ಕುಡಿಯದೆ ಖಾಲಿ ಹೊಟ್ಟೆಯಲ್ಲಿರುವ ಮಗುವಿಗೆ ಕೊಟ್ಟರೆ ರಕ್ತದ ಸಕ್ಕರೆ ಇಳಿಯಬಹುದು. ಇನ್ನೊಂದು, ಮಗುವಿನ ಚರ್ಮದ ಮೇಲೆ ಐದು ಅಥವಾ ಜಾಸ್ತಿ ಕೆಂಪು ಹೆಮಾಂಜಿಯೋಮಾ ಕಂಡರೆ ಲಿವರ್ ಸ್ಕ್ಯಾನ್ ಮಾಡಿಸಲೇಬೇಕು. ಈ ಭಾಗವನ್ನು ದಯವಿಟ್ಟು ಶೇರ್ ಮಾಡಿ.

ಕೊಯ್ಯಬೇಕಾದ ಗಡ್ಡೆಗಳೂ ಇವೆ. ಮೆಸೆಂಕೈಮಲ್ ಹಾಮಾರ್ಟೋಮಾ ಎಂಬ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಅದನ್ನು ಸಾಮಾನ್ಯವಾಗಿ ತೆಗೆಯುತ್ತಾರೆ. ಕೊಯ್ಯಬೇಕೋ ಬೇಡವೋ ಅಂತ ತೀರ್ಮಾನಿಸುವವರು ಮಕ್ಕಳ ಸರ್ಜನ್. ಕಮೆಂಟು ಬರೆಯುವವರಲ್ಲ!

"ತಲಪಾಡಿ ಗಡಿ ದಾಟಿ ಮಂಗಳೂರಿಗೆ ಎಷ್ಟು ಸಲ ಅಲೆಯುವುದು, ಒಂದೇ ಸಲ ಆಪರೇಷನ್ ಮುಗಿಸಬಾರದಾ?" ಬಸ್ ಚಾರ್ಜು ಉಳಿಸಲು ಮಗುವಿನ ಹೊಟ್ಟೆ ಸೀಳುತ್ತೀರಾ? ಅಲೆಯಿರಿ. ಡಾಕ್ಟರು ಕಾಯಿರಿ ಅಂದರೆ ಕಾಯಿರಿ. ಕಾಯುವುದೂ ಚಿಕಿತ್ಸೆಯೇ!

ನಮ್ಮ ಬದಿಯಡ್ಕದ, ಪೆರ್ಲದ ತಾಯಂದಿರಿಗೆ ರಿಪೋರ್ಟು ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಬೋರ್ಡು ಮಲಯಾಳದಲ್ಲಿ. ಕನ್ನಡದಲ್ಲಿ ಹೇಳುವವರು ಯಾರು? ಅದಕ್ಕೇ ಈ ಚಾನೆಲ್. ಸಬ್‌ಸ್ಕ್ರೈಬ್ ಮಾಡಿ, ಪ್ರಶ್ನೆ ಕಳಿಸಿ, ತುಳುವಿನಲ್ಲಿ ಬರೆದರೂ ಓದುತ್ತೇನೆ. "ಕೊಯ್ದುಬಿಡಿ" ಅಂತ ಮತ್ತೆ ಬರೆದರೆ ಮಾತ್ರ ಅಳಿಸುತ್ತೇನೆ.