ಅದೇ ಬೋಳು ತಲೆ, ಸಿನಿಮಾಕ್ಕೊಬ್ಬ ಮನುಷ್ಯ

[ಪರದೆಯ ಮೇಲೆ: ಪತ್ರಿಕಾ ಕಚೇರಿ. ಮೇಜಿನ ಹಿಂದೆ ಗಹಗಹಿಸಿ ನಗುತ್ತಿರುವ ಸಂಪಾದಕ. ಚಪ್ಪಟೆ ಕ್ರಾಪು, ಪುಟ್ಟ ಮೀಸೆ.]

ನಮಸ್ಕಾರ. ಈ ನಗು ನೀವು ನೋಡಿರುತ್ತೀರಿ. ಸ್ಪೈಡರ್‌ಮ್ಯಾನ್ ಸಿನಿಮಾ ನೋಡದವರೂ ನೋಡಿರುತ್ತಾರೆ. ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಪಾಪದವರು "ಈ ಸಲ ಸಂಬಳ ಜಾಸ್ತಿ ಆಗುತ್ತಾ?" ಅಂತ ಕೇಳುತ್ತಾರೆ. ಎರಡೇ ನಿಮಿಷದಲ್ಲಿ ಉತ್ತರವಾಗಿ ಈ ಮೀಮ್ ಬಂದು ಬೀಳುತ್ತದೆ.

ಮುಖ ಗೊತ್ತು. ಹೆಸರು? "ಅಯ್ಯೋ, ಅವನೇ ಕಣೋ, ಬಾಯಿ ತುದಿಯಲ್ಲೇ ಇದೆ..."

ಹೆಸರು ಜೆ.ಕೆ. ಸಿಮನ್ಸ್.

ನಮ್ಮಲ್ಲಿ ಇಂಥವರನ್ನು ಪೋಷಕ ನಟ ಅನ್ನುತ್ತೇವೆ. ನಾಯಕಿಗೆ ಅಪ್ಪ, ನಾಯಕನಿಗೆ ಬಾಸ್, ಇಲ್ಲವೇ ಪೊಲೀಸ್, ಡಾಕ್ಟರ್, ಜೈಲಿನ ಕೈದಿ. ಪೋಸ್ಟರಿನಲ್ಲಿ ಇರೋದಿಲ್ಲ, ಇದ್ದರೂ ಮೂಲೆಯಲ್ಲಿ ಎಲ್ಲೋ. ಬಹುಮುಖ ನಟ ಅಂದ ಕೂಡಲೇ ನಮಗೆ ನೆನಪಾಗೋದು ವೇಷ. ಇಪ್ಪತ್ತು ಕೆಜಿ ಇಳಿಸಿದರಂತೆ, ಮೂಗು ಅಂಟಿಸಿಕೊಂಡರಂತೆ, ನಾಲ್ಕು ಗಂಟೆ ಮೇಕಪ್ಪಿಗೆ ಕೂತರಂತೆ. ಸಿಮನ್ಸ್ ಇದನ್ನೆಲ್ಲ ಮಾಡಿದ್ದು ಕಡಿಮೆ. ಹೆಚ್ಚಿನ ಸಿನಿಮಾಗಳಲ್ಲಿ ಅದೇ ಬೋಳು ತಲೆ, ಅದೇ ಗಡಸು ದನಿ. ಆದರೂ ಒಂದರಲ್ಲಿ ಕಂಡವನು ಇನ್ನೊಂದರಲ್ಲಿ ಸಿಗೋದಿಲ್ಲ.

ಇದು ಹೇಗೆ ಸಾಧ್ಯ ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಅವರು ಓದಿದ್ದು ಏನು ಅಂತ ತಿಳಿಯಿತು. ಸಂಗೀತ!

[ಪರದೆಯ ಮೇಲೆ: ಅಮೆರಿಕದ ನಕ್ಷೆ. ಮಿಶಿಗನ್‌ನಿಂದ ಮೊಂಟಾನಾಕ್ಕೆ ಗೆರೆ.]

ಹುಟ್ಟಿದ್ದು 1955ರ ಜನವರಿ 9, ಮಿಶಿಗನ್ ರಾಜ್ಯದ ಗ್ರೋಸ್ ಪಾಯಿಂಟ್‌ನಲ್ಲಿ. ಅಪ್ಪ ಸಂಗೀತದ ಮೇಷ್ಟ್ರು. ಮಗ ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿ 1978ರಲ್ಲಿ ಪದವಿ ಮುಗಿಸಿದರು. ನಟನಾಗುವ ಯೋಚನೆ ಮೊದಲಿಗೆ ಇರಲಿಲ್ಲ. ಹಾಡು ಬರುತ್ತಿತ್ತು, ಹಾಡು ಬರುವವರು ಅಲ್ಲಿನ ಸಂಗೀತ ನಾಟಕಗಳಿಗೆ ಬೇಕಾಗಿತ್ತು. ಹಾಗೆ ರಂಗದ ಮೇಲೆ ಹತ್ತಿದವರು ಇಳಿಯಲೇ ಇಲ್ಲ. ಮೊಂಟಾನಾದ ಬೇಸಿಗೆ ನಾಟಕ ಕಂಪನಿ, ಸಿಯಾಟಲ್, ಆಮೇಲೆ ನ್ಯೂಯಾರ್ಕ್. 1992ರಲ್ಲಿ ಅಲ್ಲಿನ ಹೆಸರಾಂತ ರಂಗಮಂದಿರಗಳ ಕೇರಿ ಬ್ರಾಡ್‌ವೇಯಲ್ಲಿ 'ಗೈಸ್ ಆ್ಯಂಡ್ ಡಾಲ್ಸ್' ನಾಟಕದಲ್ಲಿ ಒಂದು ಪಾತ್ರ. 'ಪೀಟರ್ ಪ್ಯಾನ್' ನಾಟಕದಲ್ಲಿ ಕೊಕ್ಕೆ ಕೈಯ ಕ್ಯಾಪ್ಟನ್ ಹುಕ್. ಅದೇ ನಾಟಕದಲ್ಲಿ ಪಾತ್ರ ಮಾಡುತ್ತಿದ್ದ ಮಿಶೆಲ್ ಶುಮಾಕರ್ ಅವರನ್ನು ಮುಂದೆ ಮದುವೆಯಾದರು.

ಸಿನಿಮಾಕ್ಕೆ ಬಂದಿದ್ದು 1994ರಲ್ಲಿ. ಆಗ ವಯಸ್ಸು 39. ನಮ್ಮಲ್ಲಿ ಆ ವಯಸ್ಸಿಗೆ "ಇನ್ನು ಇದೆಲ್ಲ ಯಾಕೆ, ಒಂದು ಸೈಟ್ ನೋಡಿಕೋ" ಅನ್ನುತ್ತಾರೆ ಅಲ್ವಾ?

ಈಗ ತಾಳದ ಮಾತು. ಸಂಗೀತ ಪಾಠಕ್ಕೆ ಹೋದವರಿಗೆ ಸರಳೆ ವರಸೆ ನೆನಪಿರುತ್ತದೆ. ಸ್ವರ ಅವೇ ಏಳು. ಅದನ್ನೇ ಒಂದನೇ ಕಾಲದಲ್ಲಿ ಹಾಡು, ಎರಡನೇ ಕಾಲದಲ್ಲಿ ಹಾಡು, ಮೂರನೇ ಕಾಲದಲ್ಲಿ ಹಾಡು ಅಂತ ಮೇಷ್ಟ್ರು ತೊಡೆ ತಟ್ಟಿ ಹೇಳುತ್ತಿದ್ದರು. ಕಾಲ ಅಂದರೆ ಇಲ್ಲಿ ವೇಗ. ಸ್ವರ ಬದಲಾಗದಿದ್ದರೂ ಕಾಲ ಬದಲಾದರೆ ಕೇಳುವ ಅನುಭವವೇ ಬೇರೆ. ಸಿಮನ್ಸ್ ನಟನೆಯಲ್ಲೂ ಇದೇ ನಡೆಯುತ್ತದೆ ಅಂತ ನನ್ನ ಲೆಕ್ಕ. ಮಾತು ಎಷ್ಟು ವೇಗ, ಎಲ್ಲಿ ನಿಲ್ಲುತ್ತದೆ, ನಿಂತಾಗ ಎಷ್ಟು ಹೊತ್ತು ಸುಮ್ನೆ ಇರುತ್ತಾರೆ. ಇದನ್ನು ಗಮನಿಸುತ್ತಾ ಅವರ ಕೆಲವು ಪಾತ್ರ ನೋಡೋಣ.

[ಪರದೆಯ ಮೇಲೆ: ಜೈಲಿನ ಸರಳುಗಳು.]

ಮೊದಲ ದೊಡ್ಡ ಹೆಸರು ತಂದಿದ್ದು 1997ರಲ್ಲಿ ಎಚ್‌ಬಿಒ ಚಾನೆಲ್ಲಿನಲ್ಲಿ ಶುರುವಾದ 'ಆಜ್' ಧಾರಾವಾಹಿ. ಅಲ್ಲಿ ಅವರು ವರ್ನ್ ಶಿಲ್ಲಿಂಗರ್. ಜೈಲಿನೊಳಗೆ ನಾಜಿ ಗುಂಪು ಕಟ್ಟಿಕೊಂಡ ಕ್ರೂರಿ. ಇವನು ಕೂಗಾಡುವ ಖಳನಲ್ಲ. ಪಕ್ಕದ ಮನೆಯ ಅಂಕಲ್ ಹಾಗೆ ನಿಧಾನವಾಗಿ, ನಗುತ್ತಾ ಮಾತಾಡುತ್ತಾನೆ. ಮೈ ಜುಂ ಅನ್ನೋದು ಅದಕ್ಕೇ.

ಆದರೆ ಇನ್ನು ಮುಂದೆ ಬರೀ ನಾಜಿ ಪಾತ್ರಗಳೇ ಹುಡುಕಿಕೊಂಡು ಬಂದರೆ ಏನು ಗತಿ ಅನ್ನುವ ಅಳುಕು ಅವರಿಗೂ ಇತ್ತು. ಅದೇ ಸಮಯಕ್ಕೆ 'ಲಾ ಆ್ಯಂಡ್ ಆರ್ಡರ್' ಧಾರಾವಾಹಿಯಲ್ಲಿ ಪೊಲೀಸರಿಗೆ ನೆರವಾಗುವ ಮನೋವೈದ್ಯ ಡಾ. ಎಮಿಲ್ ಸ್ಕೋಡಾ ಪಾತ್ರ ಸಿಕ್ಕಿತು. ಒಂದು ಚಾನೆಲ್ಲಿನಲ್ಲಿ ಜನಾಂಗ ದ್ವೇಷಿ ಕೈದಿ, ಇನ್ನೊಂದರಲ್ಲಿ ತಣ್ಣಗಿನ ಡಾಕ್ಟರ್. ಎರಡೂ ಒಂದೇ ಸಮಯಕ್ಕೆ. ವಿಗ್ ಇಲ್ಲ, ಏನಿಲ್ಲ.

ಆಮೇಲೆ ಬಂತು ಸ್ಪೈಡರ್‌ಮ್ಯಾನ್. ವರ್ಷ 2002, ನಿರ್ದೇಶಕ ಸ್ಯಾಮ್ ರೈಮಿ. ಅವರ ಹಿಂದಿನ ಎರಡು ಸಿನಿಮಾಗಳಲ್ಲೂ ಸಿಮನ್ಸ್ ಇದ್ದರು. ಇಲ್ಲಿ ಡೈಲಿ ಬ್ಯೂಗಲ್ ಪತ್ರಿಕೆಯ ಸಂಪಾದಕ ಜೇಮ್ಸನ್. ಇದು ಪೂರ್ತಿ ಮೂರನೇ ಕಾಲದ ಪಾತ್ರ. ಒಂದು ಕಿವಿಗೆ ಫೋನು, ಎದುರಿಗೆ ನಿಂತವನಿಗೆ ಬೈಗುಳ, ನಡುವೆ ನಾಳಿನ ಮುಖಪುಟಕ್ಕೆ ಶೀರ್ಷಿಕೆ, ಕೈಗೆ ಬಂದ ಫೋಟೋಕ್ಕೆ ಚೌಕಾಸಿ. ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೋ ದೇವರೇ ಬಲ್ಲ.

ಎಲ್ಲರೂ ಈ ಪಾತ್ರವನ್ನು ಕಾಮಿಡಿ ಅಂತ ನೆನಪಿಟ್ಟುಕೊಂಡಿದ್ದಾರೆ. ನನಗೆ ಮಾತ್ರ ಬೇರೆ ಒಂದು ಕ್ಷಣ ಇಷ್ಟ. ಸಿನಿಮಾದ ಖಳ ಗ್ರೀನ್ ಗಾಬ್ಲಿನ್ ಕಿಟಕಿ ಒಡೆದುಕೊಂಡು ಕಚೇರಿಗೆ ನುಗ್ಗುತ್ತಾನೆ. ಜೇಮ್ಸನ್ನನ ಕತ್ತು ಹಿಡಿದು ಮೇಲೆತ್ತಿ, ಸ್ಪೈಡರ್‌ಮ್ಯಾನ್ ಫೋಟೋ ತೆಗೆಯುವವನು ಯಾರು ಹೇಳು ಅನ್ನುತ್ತಾನೆ. ಆ ಫೋಟೋ ತೆಗೆಯುವ ಹುಡುಗ ಪೀಟರ್ ಒಂದು ಕ್ಷಣದ ಹಿಂದೆ ಅದೇ ಕೋಣೆಯಲ್ಲಿದ್ದ. ಇದೇ ಜೇಮ್ಸನ್ ಅವನಿಗೆ ಬೈದು, ಕಾಸಿಗೆ ಕಾಸು ಎಣಿಸಿ ಕೊಡುವವನು. ಈಗ ಉಸಿರು ಸಿಕ್ಕಿಹಾಕಿಕೊಂಡಿದ್ದರೂ ಸುಳ್ಳು ಹೇಳುತ್ತಾನೆ: ಯಾರೋ ಗೊತ್ತಿಲ್ಲ, ಫೋಟೋ ಪೋಸ್ಟಿನಲ್ಲಿ ಬರುತ್ತದೆ. ಆ ಸುಳ್ಳಿಗೆ ಒಂದು ಗಳಿಗೆಯೂ ಯೋಚಿಸೋದಿಲ್ಲ. ಬೈಗುಳದ ವೇಗದಲ್ಲೇ ಅದೂ ಬಂದು ಬಿಡುತ್ತದೆ. ಸಿನಿಮಾ ಅದನ್ನು ಹಿಗ್ಗಿಸೋದೂ ಇಲ್ಲ. ಕಣ್ಣು ಮಿಟುಕಿಸಿದರೆ ತಪ್ಪಿಸಿಕೊಳ್ಳುತ್ತೀರಿ.

[ಪರದೆಯ ಮೇಲೆ: ಖಾಲಿ ಮೀಟಿಂಗ್ ರೂಮ್, ಎರಡು ಕುರ್ಚಿ.]

ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು 2009ರ 'ಅಪ್ ಇನ್ ದಿ ಏರ್'. ಜಾರ್ಜ್ ಕ್ಲೂನಿ ಊರೂರು ತಿರುಗಿ ಜನರನ್ನು ಕೆಲಸದಿಂದ ತೆಗೆಯುವ ಮನುಷ್ಯ. ಸಿಮನ್ಸ್ ಕೆಲಸ ಕಳೆದುಕೊಳ್ಳುವ ಬಾಬ್. ಇರೋದು ಒಂದೇ ದೃಶ್ಯ. ಮೊದಲು ಸಿಟ್ಟಿನ ಮಾತು. ಜೇಬಿನಿಂದ ಮಕ್ಕಳ ಫೋಟೋ ತೆಗೆದು, ಇವರಿಗೆ ಏನು ಹೇಳಲಿ ಅಂತ ಕೇಳುತ್ತಾನೆ. ಆಗ ಕ್ಲೂನಿ ಅವನ ರೆಸ್ಯೂಮೆ ನೋಡಿ, ಕಾಲೇಜಿನಲ್ಲಿ ನೀವು ಫ್ರೆಂಚ್ ಅಡುಗೆ ಕಲಿತಿದ್ದಿರಲ್ಲ, ಆ ಕನಸನ್ನು ಎಷ್ಟು ದುಡ್ಡಿಗೆ ಬಿಟ್ಟಿರಿ ಅನ್ನುವ ಅರ್ಥದ ಪ್ರಶ್ನೆ ಹಾಕುತ್ತಾನೆ.

ಇಲ್ಲಿ ಸಿಮನ್ಸ್ ಮುಖ ನೋಡಿ. ಉತ್ತರ ತಕ್ಷಣ ಬರೋದಿಲ್ಲ. ಸಿಟ್ಟು ಇಳಿಯುತ್ತದೆ, ಆದರೆ ಅದರ ಜಾಗಕ್ಕೆ ಏನೂ ಬರೋದಿಲ್ಲ. ಆಮೇಲೆ ಆ ಮೊತ್ತವನ್ನು ಹೇಳುತ್ತಾನೆ, ತನಗೇ ನಾಚಿಕೆ ಆದ ಹಾಗೆ. ಇಡೀ ಸಿನಿಮಾದಲ್ಲಿ ಕ್ಲೂನಿಯ ಕೆಲಸ ಎಷ್ಟು ಕ್ರೂರ, ಅವನು ಎಷ್ಟು ಚಾಲಾಕಿ, ಎರಡೂ ನಮಗೆ ತಿಳಿಯೋದು ಈ ಕೆಲವೇ ನಿಮಿಷಗಳಲ್ಲಿ. ಪೋಷಕ ನಟ ಅನ್ನುವ ಮಾತಿನಲ್ಲಿ ಪೋಷಕ ಅಂದರೆ ಏನು ಅಂತ ಕೇಳಿದರೆ ನಾನು ಈ ದೃಶ್ಯ ತೋರಿಸುತ್ತೇನೆ.

ಈ ಸಿನಿಮಾದ ನಿರ್ದೇಶಕ ಜೇಸನ್ ರೈಟ್‌ಮನ್. ಇವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. 2007ರ 'ಜೂನೋ' ಕೂಡ ಇವರದೇ. ಅದರಲ್ಲಿ ಸಿಮನ್ಸ್ ಎಸಿ, ಹೀಟರ್ ರಿಪೇರಿ ಮಾಡುವ ಅಪ್ಪ. ಹದಿನಾರು ವರ್ಷದ ಮಗಳು ಬಸುರಿ ಅಂತ ಗೊತ್ತಾದಾಗ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಾನೆ ಅಂದುಕೊಳ್ಳುತ್ತೀರಿ. ಇಲ್ಲ. ಬೇಜಾರು ಮಾಡಿಕೊಳ್ಳುತ್ತಾನೆ, ಒಂದು ಜೋಕ್ ಹೇಳುತ್ತಾನೆ, ಮಗಳ ಜೊತೆ ಹೋಗುತ್ತಾನೆ. ಅಷ್ಟೇ.

ದನಿಯ ಕೆಲಸದ ಪಟ್ಟಿ ಉದ್ದ ಇದೆ, ಬೇಗ ಮುಗಿಸುತ್ತೇನೆ. ಎಂ ಆ್ಯಂಡ್ ಎಂ ಚಾಕಲೇಟ್ ಜಾಹೀರಾತಿನ ಹಳದಿ ಗೊಂಬೆ, ಆ ಪೆದ್ದು ದನಿ ಇವರದೇ. 'ಪೋರ್ಟಲ್ 2' ವಿಡಿಯೋ ಗೇಮಿನ ಕೇವ್ ಜಾನ್ಸನ್, 'ಲೆಜೆಂಡ್ ಆಫ್ ಕೋರಾ' ಕಾರ್ಟೂನಿನ ಟೆನ್‌ಝಿನ್, 'ಝೂಟೋಪಿಯಾ' ಸಿಂಹ ಮೇಯರ್, 'ಕ್ಲೌಸ್' ಸಿನಿಮಾದ ಮರಗೆಲಸದ ಮುದುಕ, 'ಇನ್‌ವಿನ್ಸಿಬಲ್'ನ ಓಮ್ನಿಮ್ಯಾನ್. ನಡುವೆ ಒಂದು ಇನ್ಶೂರೆನ್ಸ್ ಕಂಪನಿಯ ಜಾಹೀರಾತಿನಲ್ಲಿ ವರ್ಷಗಟ್ಟಲೆ ಪ್ರೊಫೆಸರ್ ಆಗಿ ಬಂದರು. ಅಮೆರಿಕದ ಎಷ್ಟೋ ಮನೆಗಳಲ್ಲಿ ಅವರನ್ನು ಗುರುತು ಹಿಡಿಯೋದು "ಇನ್ಶೂರೆನ್ಸ್‌ನವನು" ಅಂತಲೇ.

[ಪರದೆಯ ಮೇಲೆ: ಕತ್ತಲ ಕೋಣೆ, ಒಂದು ಡ್ರಮ್ ಸೆಟ್ ಮೇಲೆ ಬೆಳಕು.]

ಈಗ 'ವಿಪ್ಲಾಷ್'.

ಡೇಮಿಯನ್ ಶಝೆಲ್ ಅನ್ನುವ, ಇನ್ನೂ ಮೂವತ್ತು ತುಂಬದ ನಿರ್ದೇಶಕ. ಡ್ರಮ್ಮರ್ ಹುಡುಗ, ಅವನ ಕ್ರೂರ ಮೇಷ್ಟ್ರು, ಇಷ್ಟೇ ಕಥೆ. ನಿರ್ಮಾಣದ ಕಡೆ ಜೊತೆಗಿದ್ದ ಜೇಸನ್ ರೈಟ್‌ಮನ್ ಮೇಷ್ಟ್ರ ಪಾತ್ರಕ್ಕೆ ಸಿಮನ್ಸ್ ಹೆಸರು ಹೇಳಿದರು. ದುಡ್ಡು ಹುಟ್ಟಿಸಲು ಮೊದಲು ಒಂದು ಕಿರುಚಿತ್ರ ಮಾಡಿ 2013ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆಮೇಲೆ ಪೂರ್ತಿ ಸಿನಿಮಾ. ಚಿತ್ರೀಕರಣ 19 ದಿನ.

ಮೊದಲ ರಿಹರ್ಸಲ್ ದೃಶ್ಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗಡಿಯಾರ ಒಂಬತ್ತು ತೋರಿಸುತ್ತದೆ, ಬಾಗಿಲು ತೆರೆಯುತ್ತದೆ. ಕಪ್ಪು ಟೀ ಶರ್ಟಿನ ಮೇಷ್ಟ್ರು ಫ್ಲೆಚರ್, ಅಂದರೆ ನಮ್ಮ ಸಿಮನ್ಸ್, ಒಳಗೆ ಬರುತ್ತಾನೆ. ವಾದಕರೆಲ್ಲ ನೆಲ ನೋಡುತ್ತಾರೆ. ವಿರಾಮದಲ್ಲಿ ಅವನು ಹೊಸ ಹುಡುಗ ಆ್ಯಂಡ್ರೂನನ್ನು ಹೊರಗೆ ಕರೆದು ಬಹಳ ಪ್ರೀತಿಯಿಂದ ವಿಚಾರಿಸುತ್ತಾನೆ. ಅಪ್ಪ ಏನು ಮಾಡುತ್ತಾರೆ? ಅಮ್ಮ? ಹುಡುಗ ನಂಬಿ ಹೇಳುತ್ತಾನೆ, ಅಮ್ಮ ಬಿಟ್ಟು ಹೋದಳು ಅಂತ. ಹೆದರಬೇಡ, ಖುಷಿಯಾಗಿ ನುಡಿಸು ಅಂತ ಧೈರ್ಯ ಹೇಳಿ ಕಳಿಸುತ್ತಾನೆ. ಮಾತು ಇನ್ನೂ ಒಂದನೇ ಕಾಲದಲ್ಲೇ ಇದೆ.

ಒಳಗೆ ವಾದನ ಶುರು. ಮೊದಲು ಹೊಗಳಿಕೆ. ಆಮೇಲೆ ಫ್ಲೆಚರ್ ಕೈ ಎತ್ತಿ ಮುಷ್ಟಿ ಮುಚ್ಚುತ್ತಾನೆ, ಇಡೀ ಬ್ಯಾಂಡ್ ನಿಲ್ಲುತ್ತದೆ. ನನ್ನ ಲಯಕ್ಕೆ ಸ್ವಲ್ಪ ಸರಿಯಾಗಿಲ್ಲ, ಪರವಾಗಿಲ್ಲ, ಇನ್ನೊಂದು ಸಲ. ಮತ್ತೆ ಮುಷ್ಟಿ. ಈಗ ಓಡಿದೆ, ತಾಳಕ್ಕಿಂತ ಮುಂದೆ ಹೋದೆ. ಮತ್ತೆ ಮುಷ್ಟಿ. ಈಗ ಎಳೆದೆ, ತಾಳಕ್ಕಿಂತ ಹಿಂದೆ ಬಿದ್ದೆ. ಪ್ರತಿ ಸಲವೂ ದನಿ ಮೆತ್ತಗೆ, ಆದರೆ ನಿಲ್ಲಿಸುವ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ನೋಡುವ ನಮಗೂ ಉಸಿರು ಗಿಡ್ಡವಾಗುತ್ತದೆ. ಆಮೇಲೆ ಹುಡುಗನ ತಲೆಯತ್ತ ಕುರ್ಚಿ ಹಾರಿ ಬರುತ್ತದೆ.

ಅಷ್ಟಕ್ಕೆ ಮುಗಿಯೋದಿಲ್ಲ. ಹುಡುಗನಿಗೆ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಲು ಹೇಳಿ, ತಾಳಕ್ಕೆ ಸರಿಯಾಗಿ ಕೆನ್ನೆಗೆ ಹೊಡೆಯುತ್ತಾನೆ. ಈಗ ನಾನು ಓಡಿದೆನೋ, ಎಳೆದೆನೋ ಹೇಳು. ಕೊನೆಗೆ ಹೊರಗೆ ಪ್ರೀತಿಯಿಂದ ಕೇಳಿ ತಿಳಿದುಕೊಂಡಿದ್ದ ಅಪ್ಪ ಅಮ್ಮನ ವಿಷಯವನ್ನೇ ಎಲ್ಲರೆದುರು ಎತ್ತಿ ಹುಡುಗನನ್ನು ಅಳಿಸುತ್ತಾನೆ. ಅಲ್ಲಿಗೆ ನಮಗೆ ಅರ್ಥವಾಗುತ್ತದೆ, ಆ ಪ್ರೀತಿಯ ಮಾತೂ ಲೆಕ್ಕ ಹಾಕಿ ಆಡಿದ್ದು ಅಂತ.

ಬೇರೆ ನಟ ಆಗಿದ್ದರೆ ಕೈ ಆಡಿಸೋದನ್ನು ಯಾರಾದರೂ ಕಲಿಸಬೇಕಿತ್ತು. ಇಲ್ಲಿ ಮುಷ್ಟಿ ಮುಚ್ಚುವ ಆ ಕೈ ಸಂಗೀತ ಓದಿದವನ ಕೈ. ಪೆಟ್ಟು ಬರೀ ಹುಡುಗನಿಗಷ್ಟೇ ಬೀಳಲಿಲ್ಲ ಅನ್ನೋದನ್ನೂ ಹೇಳಬೇಕು. ಸಿನಿಮಾದಲ್ಲಿ ಮುಂದೆ ಆ್ಯಂಡ್ರೂ ಪಾತ್ರದ ಮೈಲ್ಸ್ ಟೆಲರ್ ಇವರ ಮೇಲೆ ಬೀಳುವ ದೃಶ್ಯದಲ್ಲಿ ಸಿಮನ್ಸ್ ಪಕ್ಕೆಲುಬಿಗೆ ಏಟಾಯಿತು.

ಒಂದು ತಕರಾರು ಹೇಳಿಬಿಡುತ್ತೇನೆ. ಈ ಸಿನಿಮಾ ನೋಡಿ ಫ್ಲೆಚರ್‌ನನ್ನು ಆದರ್ಶ ಗುರು ಅಂತ ಸ್ಟೇಟಸ್ ಹಾಕುವವರಿದ್ದಾರೆ. ಸ್ವಾಮಿ, ಸಿನಿಮಾ ಇನ್ನೊಂದು ಸಲ ನೋಡಿ.

[ಪರದೆಯ ಮೇಲೆ: 87ನೇ ಆಸ್ಕರ್, ವೇದಿಕೆ.]

2015ರ ಫೆಬ್ರವರಿ 22. ಅತ್ಯುತ್ತಮ ಪೋಷಕ ನಟ ಆಸ್ಕರ್. ಅದಕ್ಕೆ ಮೊದಲೇ ಗೋಲ್ಡನ್ ಗ್ಲೋಬ್, ಬಾಫ್ಟಾ ಪ್ರಶಸ್ತಿ ಎಲ್ಲ ಬಂದಾಗಿತ್ತು. ವಯಸ್ಸು 60. ವೇದಿಕೆಯಲ್ಲಿ ಹೆಂಡತಿ ಮಕ್ಕಳಿಗೆ ಥ್ಯಾಂಕ್ಸ್ ಹೇಳಿದರು. ಆಮೇಲೆ ಪ್ರಪಂಚಕ್ಕೆಲ್ಲ ಒಂದು ಮಾತು: ಅಪ್ಪ ಅಮ್ಮ ಇದ್ದರೆ ಫೋನ್ ಮಾಡಿ. ಮೆಸೇಜ್ ಬೇಡ, ಇಮೇಲ್ ಬೇಡ, ಫೋನ್ ಮಾಡಿ ಮಾತಾಡಿ.

ಆಸ್ಕರ್ ಬಂದ ಮೇಲೂ ಅವರು ದೊಡ್ಡ ಪಾತ್ರ ಬರಲಿ ಅಂತ ಕಾದು ಕೂರಲಿಲ್ಲ. ಶಝೆಲ್ ಅವರ 'ಲಾ ಲಾ ಲ್ಯಾಂಡ್'ನಲ್ಲಿ ಪಿಯಾನೋ ವಾದಕನನ್ನು ಕೆಲಸದಿಂದ ಓಡಿಸುವ ಹೋಟೆಲ್ ಮಾಲೀಕನಾಗಿ ಸ್ವಲ್ಪ ಹೊತ್ತು ಬಂದು ಹೋದರು. 2021ರ 'ಬೀಯಿಂಗ್ ದಿ ರಿಕಾರ್ಡೋಸ್' ಚಿತ್ರದಲ್ಲಿ ಹಳೇ ಕಾಲದ ಟಿವಿ ನಟ ವಿಲಿಯಂ ಫ್ರಾಲಿ ಆಗಿ ಎರಡನೇ ಸಲ ಆಸ್ಕರ್ ನಾಮನಿರ್ದೇಶನ ಪಡೆದರು. 2019ರಲ್ಲಿ ಸ್ಪೈಡರ್‌ಮ್ಯಾನ್ ಸರಣಿಗೆ ಹೊಸ ನಾಯಕ, ಹೊಸ ನಿರ್ದೇಶಕ ಬಂದಿದ್ದರೂ ಜೇಮ್ಸನ್ ಮಾತ್ರ ಹಳಬರೇ. ಈ ಸಲ ವಿಗ್ ಇಲ್ಲ. ಸ್ವಂತ ಬೋಳು ತಲೆ, ಅದೇ ಓಟದ ಮಾತು. ಸಿನಿಮಾ ಮುಗಿದು ಹೆಸರುಗಳು ಬರುವ ಹೊತ್ತಿಗೆ ಪರದೆಯ ಮೇಲೆ ಕಂಡರು. ವಿಗ್ ಹೋದದ್ದು ಯಾರಿಗೂ ಅಡ್ಡಿಯಾಗಲಿಲ್ಲ.

ಕೊನೆಗೆ ಒಂದು ಹೋಮ್‌ವರ್ಕ್. 'ಕೌಂಟರ್‌ಪಾರ್ಟ್' ಅನ್ನುವ ಧಾರಾವಾಹಿ. 2017ರ ಕೊನೆಗೆ ಶುರುವಾಗಿ ಎರಡು ಸೀಸನ್ನಿಗೆ ನಿಂತಿತು, ನೋಡಿದವರು ಕಡಿಮೆ. ಕಥೆ ಬರ್ಲಿನ್‌ನಲ್ಲಿ. ಪ್ರಪಂಚ ಎರಡಾಗಿ ಸೀಳಿಕೊಂಡಿದೆ, ಆಚೆ ಕಡೆಯೂ ನಿಮ್ಮಂಥವರೇ ಒಬ್ಬರು ಇದ್ದಾರೆ. ಈ ಕಡೆಯ ಹೋವರ್ಡ್ ಸಿಲ್ಕ್ ಒಬ್ಬ ಸಾಧು ಗುಮಾಸ್ತ. ಕೋಮಾದಲ್ಲಿರುವ ಹೆಂಡತಿಗೆ ಹೂವು ತೆಗೆದುಕೊಂಡು ಆಸ್ಪತ್ರೆಗೆ ಹೋಗುತ್ತಾನೆ. ಆ ಕಡೆಯ ಹೋವರ್ಡ್ ಸಿಲ್ಕ್ ಒಬ್ಬ ಒರಟು ಗೂಢಚಾರ. ಇಬ್ಬರೂ ಸಿಮನ್ಸ್. ಮೇಕಪ್ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು.

ಇಬ್ಬರೂ ಎದುರು ಬದುರು ಕೂತು ಮಾತಾಡುವ ದೃಶ್ಯ ಬರುತ್ತದೆ. ಆಗ ಒಂದು ಕೆಲಸ ಮಾಡಿ. ಪರದೆ ನೋಡಬೇಡಿ, ಕಣ್ಣು ಮುಚ್ಚಿಕೊಂಡು ಬರೀ ಕೇಳಿ. ಒಬ್ಬ ಮಾತು ಶುರು ಮಾಡುವ ಮೊದಲು ಅರ್ಧ ಕ್ಷಣ ತಡೆಯುತ್ತಾನೆ, ಯಾರದೋ ಅಪ್ಪಣೆ ಕೇಳುವ ಹಾಗೆ. ಇನ್ನೊಬ್ಬ ತಡೆಯೋದಿಲ್ಲ. ಎಷ್ಟು ಸಲ ಸರಿಯಾಗಿ ಹೇಳಿದಿರಿ ಅಂತ ಕಾಮೆಂಟಿನಲ್ಲಿ ಬರೆಯಿರಿ. ನಾನು ಒಂದು ಸಲ ತಪ್ಪಿದ್ದೆ. ಆಮೇಲೆ ಗೊತ್ತಾಯಿತು, ಆ ದೃಶ್ಯದಲ್ಲಿ ಒಬ್ಬ ಹೋವರ್ಡ್ ಇನ್ನೊಬ್ಬ ಹೋವರ್ಡ್ ಹಾಗೆ ನಟಿಸುತ್ತಿದ್ದ.